ಶಿವಮ್ಮನ ಗಿಣಿ ಅಚ್ಚು

ನಮ್ಮ ಅಡುಗೆಮನೆಯ ಅಟ್ಟದ ಮೇಲೆ, ಸವೆದ ಒನಕೆಗೂ ತೂತುಬಿದ್ದ ಜರಡಿಗೂ ನಡುವೆ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಒಂದು ಮರದ ಅಚ್ಚಿದೆ. ಎರಡು ಹೋಳುಗಳನ್ನು ಜೋಡಿಸಿ, ದಾರ ಬಿಗಿದು, ಒಳಗೆ ಸಕ್ಕರೆ ಪಾಕ ಹುಯ್ದರೆ ಬೆಳ್ಳನೆಯ ಗಿಣಿಯೊಂದು ಮೂಡುತ್ತದೆ. ಸಂಕ್ರಾಂತಿ ಹತ್ತಿರ ಬಂದಾಗ ಅದನ್ನು ಇಳಿಸಿ ನೀರಿನಲ್ಲಿ ನೆನೆಹಾಕುತ್ತೇನೆ. ನೆನೆಯುವುದು ಅಚ್ಚೊಂದೇ ಅಲ್ಲ. ಅದರ ಪಕ್ಕದಲ್ಲಿ ಕೂತು ನಾನೂ ನೆನೆಯುತ್ತೇನೆ.

ಅಚ್ಚು ಶಿವಮ್ಮನದು. ತೊಂಬತ್ತರ ದಶಕದ ಮೊದಲಲ್ಲಿ ನಾವು ಕುಂತೂರಿನಲ್ಲಿ ಬಾಡಿಗೆಗಿದ್ದಾಗ ಅವಳದು ಗೋಡೆಗೆ ಗೋಡೆ ತಾಗಿದ ಮನೆ. ನಮ್ಮ ಯಜಮಾನರು ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್, ಅವಳ ಗಂಡ ಕಬ್ಬು ಬೆಳೆಯುವವನು. ಶಾಗ್ಯದಿಂದ ಮದುವೆಯಾಗಿ ಬಂದ ಆಕೆ ಕಬ್ಬಿನ ಸಿಪ್ಪೆಗೆ ಕುಡುಗೋಲು ಮುಟ್ಟಿಸಿದವಳಲ್ಲ. ಹಲ್ಲಿನಲ್ಲೇ ಸೀಳಿ ಸೀಳಿ, ಮೂವತ್ತು ತುಂಬುವ ಮೊದಲೇ ಮುಂದಿನ ಎರಡು ಹಲ್ಲು ಕಳೆದುಕೊಂಡಿದ್ದಳು. ಹಲ್ಲಿದ್ದರೆ ಕಡಲೆಯಿಲ್ಲ, ಕಡಲೆಯಿದ್ದರೆ ಹಲ್ಲಿಲ್ಲ ಎನ್ನುತ್ತಾರಲ್ಲ, ತನಗೆ ದೇವರು ಎರಡನ್ನೂ ಕೊಟ್ಟಿದ್ದ, ತಾನೇ ಉಳಿಸಿಕೊಳ್ಳಲಿಲ್ಲ ಎಂದು ತನ್ನನ್ನೇ ಹಾಸ್ಯಮಾಡಿಕೊಳ್ಳುತ್ತಿದ್ದಳು. ಊರವರ ಮುಂದೆ ನಗುವಾಗ ಅವಳ ಸೆರಗು ತಾನಾಗಿ ಬಾಯಿಗೆ ಹೋಗುತ್ತಿತ್ತು. ನನ್ನೆದುರು ಮಾತ್ರ ಹಾಗಿರಲಿಲ್ಲ. ಹಿತ್ತಿಲ ಕಲ್ಲಿನ ಮೇಲೆ ಇಬ್ಬರೇ ಕೂತು ಅವರೆಕಾಯಿ ಬಿಡಿಸುವಾಗ ಬಾಯಿ ತುಂಬ, ಆ ಕಿಂಡಿ ಕಾಣುವಂತೆ ನಗುತ್ತಿದ್ದಳು. ಅದೆಂಥ ಸಲಿಗೆಯೆಂದು ನನಗಾಗ ತಿಳಿಯಲಿಲ್ಲ.

ನಮ್ಮ ಪುಟ್ಟಿಗೆ ಐದು ವರ್ಷವಾದಾಗ ದವಡೆ ಹಲ್ಲು ಹುಳುಕಾಯಿತು. ಕೊಳ್ಳೇಗಾಲದ ಹಲ್ಲಿನ ಡಾಕ್ಟರು ನಿಧಾನವಾಗಿ ತಿಳಿಹೇಳಿದ್ದರು: ಹಬ್ಬದಲ್ಲಿ ಮಗು ಸಿಹಿ ತಿನ್ನಲಿ, ಆದರೆ ಊಟದ ಜೊತೆಗೇ ತಿಂದು ಮುಗಿಸಿ ಬಾಯಿ ಮುಕ್ಕಳಿಸಲಿ, ಮಲಗುವ ಮೊದಲು ಹಲ್ಲುಜ್ಜಲಿ, ದವಡೆಯಲ್ಲಿಟ್ಟುಕೊಂಡು ದಿನವಿಡೀ ಚೀಪುವುದು ಬೇಡ. ಇಷ್ಟೂ ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು 'ಬೇಡ' ಎಂಬುದೊಂದೇ. ಹೆತ್ತವಳ ಭಯಕ್ಕೆ ಅರ್ಧ ಕಿವಿ, ನೀವು ಬಲ್ಲಿರಿ.

ಆ ಸಂಕ್ರಾಂತಿಯ ಸಂಜೆ ಶಿವಮ್ಮ ಎಳ್ಳು ಬೀರಲು ಬಂದಳು. ತಟ್ಟೆಯಲ್ಲಿ ಎಳ್ಳುಬೆಲ್ಲ, ಬಾಳೆಹಣ್ಣು, ಒಂದು ತುಂಡು ಕಬ್ಬು, ಎಲ್ಲಕ್ಕಿಂತ ಮೇಲೆ ಅಂಗೈಯಗಲದ ಸಕ್ಕರೆ ಗಿಣಿ. ಪುಟ್ಟಿಗೆಂದೇ ಹಾಲು ಹಾಕಿ ಕೊಳೆ ತೆಗೆದ ಪಾಕದಲ್ಲಿ ಮಾಡಿದ್ದಂತೆ. ಪುಟ್ಟಿ ಆಗಲೇ ಕೈ ಚಾಚಿದ್ದಳು. ನಾನು ಆ ಕೈಯನ್ನು ಹಿಂದಕ್ಕೆಳೆದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು.

"ಇದೆಲ್ಲ ತಿಂದೇ ಅಲ್ವಾ ಶಿವಮ್ಮ, ನಿನ್ನ ಬಾಯಿ ಹಂಗಾಗಿರೋದು? ನನ್ನ ಮಗಳಿಗೂ ಅದೇ ಗತಿ ಬರೋದು ಬೇಡ" ಎಂದುಬಿಟ್ಟೆ.

ಅವಳು ಸಿಟ್ಟಾಗಲಿಲ್ಲ. "ಅದೂ ನಿಜವೇಯ ಬುಡಿ, ಅಕ್ಕ" ಎಂದಳು. ಗಿಣಿಯನ್ನು ತಟ್ಟೆಯಿಂದ ತೆಗೆದು ಮಡಿಲಿಗೆ ಹಾಕಿಕೊಂಡು, ಉಳಿದದ್ದನ್ನು ನನ್ನ ಕೈಗಿತ್ತು ಹೋದಳು.

ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡಬೇಕಾದ ದಿನ ನಾನಾಡಿದ ಮಾತು ಇದು. ಮಗಳ ಹಲ್ಲಿನ ಹುಳುಕನ್ನು ಟಾರ್ಚು ಬಿಟ್ಟು ಹುಡುಕಿದವಳಿಗೆ ತನ್ನ ನಾಲಿಗೆಯ ಹುಳುಕು ಕಾಣಲಿಲ್ಲ. ಶಿವಮ್ಮ ಮಾತು ಬಿಡಲಿಲ್ಲ, ಅವರೆಕಾಯಿ ಬಿಡಿಸಲು ಬರುವುದನ್ನೂ ಬಿಡಲಿಲ್ಲ, ಪ್ರತಿವರ್ಷ ಎಳ್ಳು ತಂದಳು. ಗಿಣಿ ಮಾತ್ರ ಮತ್ತೆ ಬರಲಿಲ್ಲ. ನಗುವಾಗ ನನ್ನೆದುರೂ ಸೆರಗು ಬಾಯಿಗೆ ಹೋಗತೊಡಗಿತು. ತಪ್ಪಾಯಿತು ಎನ್ನಲು ಬಾಯಿ ತೆರೆದರೆ ಹಾಳು ಬಿಗುಮಾನ ಅಡ್ಡ ಬರುತ್ತಿತ್ತು.

ಕೆಲವು ವರ್ಷಗಳ ನಂತರ ನಾವು ಯಳಂದೂರಿಗೆ ಮನೆ ಬದಲಿಸಿದೆವು. ಸಾಮಾನು ಲಾರಿಗೆ ಏರಿಸುವಾಗ ಅವಳು ಈ ಅಚ್ಚನ್ನು ತಂದು ನನ್ನ ಕೈಲಿಟ್ಟಳು. "ಪಾಪಂಗೆ ಎಷ್ಟು ಬೇಕೋ ಅಷ್ಟೇಯ ಪಾಕ ಉಯ್ದು ಮಾಡ್ಕೊಡಿ, ಅಕ್ಕ. ನನ್ ಕೈ ಅಂದಾಜು ಜಾಸ್ತಿಯಾಯ್ತದೆ." ವ್ಯಂಗ್ಯವಿತ್ತೇನೋ ಎಂದು ಎಷ್ಟು ಹುಡುಕಿದರೂ ಆ ಮಾತಿನಲ್ಲಿ ನನಗೆ ಸಿಕ್ಕಲಿಲ್ಲ. ಸಿಕ್ಕಿದ್ದರೆ ಸಮಾಧಾನವಾಗುತ್ತಿತ್ತು.

ಪುಟ್ಟಿಯ ಹಾಲುಹಲ್ಲು ಬಿದ್ದು, ಮುತ್ತಿನಂಥ ಹಲ್ಲು ಬಂದವು. ಅವಳು ಪ್ರತಿ ಸಂಕ್ರಾಂತಿ ಗಿಣಿ ತಿನ್ನುತ್ತಾಳೆ, ಬಾಯಿ ಮುಕ್ಕಳಿಸುತ್ತಾಳೆ, ಏನೂ ಆಗಿಲ್ಲ. ಮೂರು ಗುಟುಕು ನೀರಿನಲ್ಲಿ ಹೋಗುವುದಕ್ಕೆ ನಾನು ಅಷ್ಟು ಹೆದರಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ್ದನ್ನು ಯಾವ ನೀರಿನಲ್ಲಿ ಮುಕ್ಕಳಿಸಲಿ?

ಹೋದ ವರ್ಷ ಹಬ್ಬದ ಮಾರನೆಯ ದಿನ, ಡಬ್ಬಿಯಲ್ಲಿ ನಾಲ್ಕು ಗಿಣಿ ಇಟ್ಟುಕೊಂಡು ಕುಂತೂರಿಗೆ ಹೋದೆ. ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡೆ. ಶಿವಮ್ಮ ಗಿಣಿಯ ಕೊಕ್ಕು ಮುರಿದು ಬಾಯಿಗಿಟ್ಟುಕೊಂಡು, ಪಾಕ ಹದವಾಗಿದೆಯೆಂದು ಮೆಚ್ಚಿದಳು. ಆಗ ಹೇಳಿದೆ, "ಅವತ್ತು ಹಂಗಂದಿದ್ದು ತಪ್ಪಾಯ್ತು ಕಣೆ."

"ಯಾವತ್ತು, ಅಕ್ಕ?" ಎಂದು ನಕ್ಕಳು. ಅಷ್ಟರಲ್ಲಿ ಸೆರಗು ಬಾಯಿಗೆ ಹೋಗಿತ್ತು.

ಈ ವರ್ಷವೂ ಅಚ್ಚು ನೀರಿನಲ್ಲಿದೆ. ಚೆನ್ನಾಗಿ ನೆನೆದರೆ ಪಾಕ ಅಂಟುವುದಿಲ್ಲ, ಗಿಣಿ ಸಲೀಸಾಗಿ ಬಿಟ್ಟು ಬರುತ್ತದೆ. ನಾನು ನೆನೆದಷ್ಟೂ ಆ ಮಾತು ಅಂಟಿಕೊಳ್ಳುತ್ತದೆ.