ಕಣ್ಣಿಗೆ ಬಿಡದ ಹನಿ

ನಿನ್ನೆ ಕಪಾಟು ಒರೆಸುವಾಗ ಕಣ್ಣಿಗೆ ಬಿಡುವ ಔಷಧಿಯ ಪುಟ್ಟ ಬಾಟಲಿಯೊಂದು ಸಿಕ್ಕಿತು. ಮುಚ್ಚಳ ತೆಗೆದದ್ದೇ ಇಲ್ಲ. ನಗು ಬರಬೇಕಿತ್ತು, ಬರಲಿಲ್ಲ. ನನ್ನ ಕಣ್ಣಿಗೆ ಯಾವ ಕಾಯಿಲೆಯೂ ಬಂದಿರಲಿಲ್ಲ ನೋಡಿ.

ಮುಟ್ಟು ನಿಂತ ಮೇಲೆ ನನಗೆ ಶುರುವಾದದ್ದು ಉರಿ. ಒಳಗೆಲ್ಲ ಒಣಗಿದಂತೆ, ಮೂತ್ರಕ್ಕೆ ಹೋದರೆ ಉರಿ, ಗಂಡ ಹತ್ತಿರ ಬಂದರೆ ನೋವಿನ ಹೆದರಿಕೆ. ಬೆನ್ನುನೋವಿನ ನೆಪ ಹೇಳಿ ಹೇಳಿ ಕೊನೆಗೆ ಹಾಸಿಗೆಯನ್ನೇ ಬೇರೆ ಕೋಣೆಗೆ ಸಾಗಿಸಿದೆ. ಅವರು ಒಂದು ಮಾತೂ ಕೇಳಲಿಲ್ಲ. ಕೇಳದಿದ್ದದ್ದೇ ಒಳ್ಳೆಯದಾಯಿತು ಅಂದುಕೊಂಡೆ, ದಡ್ಡಿ.

ಎರಡು ವರ್ಷದ ಹಿಂದೆ ಕುಂದಾಪುರದ ಡಾಕ್ಟರಮ್ಮ ಮುಲಾಮು ಕೊಟ್ಟು ನೋಡಿ, ಆಮೇಲೆ ಆ ಜಾಗಕ್ಕೇ ಲೇಸರ್ ಮಾಡುವ ಮಾತೆತ್ತಿದರು. ಎಲ್ಲರಿಗೂ ಗುಣವಾಗುತ್ತದೆ ಎಂದು ಹೇಳಲಾರೆ ಅಂತಲೂ ಅಂದರು. ಮನೆಯಲ್ಲಿ ಏನೆನ್ನುವುದು? ನಮ್ಮ ಯಡ್ತರೆಯಲ್ಲಿ ಲೇಸರ್ ಅಂದರೆ ಕಣ್ಣಿಗೇ. ಕಣ್ಣಿಗೆ ಅಂದುಬಿಟ್ಟೆ. ಪಕ್ಕದ ಮನೆಯವರು ಕಣ್ಣಿಗೆ ತಂಪೆಂದು ಹೊನಗೊನ್ನೆ ಸೊಪ್ಪು ತಂದುಕೊಟ್ಟರು. ಅದನ್ನೂ ತಿಂದೆ.

ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದವರು ಗುಲಾಬಿಯಕ್ಕ, ಮನೆಮನೆಗೆ ಮೀನು ಮಾರುವವರು. ಅವರಿಗೆ ಮೂತ್ರ ಸೋರುವ ತೊಂದರೆ, ಅದಕ್ಕೂ ಇದೇ ಲೇಸರ್.

"ಬುಟ್ಟಿ ಎತ್ತುಕ್ ಹೋರೆ ಸೀರಿ ಒದ್ದಿ. ಮೀನಿನ್ ನೀರ್ ಅಂದೇಳಿ ಆರ್ ವರ್ಷ ಸುಳ್ಳ್ ಹೇಳ್ದೆ ಮಾರಾಯ್ರೆ" ಅಂದರು.

ನಾನು ನನ್ನ ಸುಳ್ಳನ್ನು ಹೇಳಲಿಲ್ಲ.

ಒಳಗೆ ಕಪ್ಪು ಕನ್ನಡಕ ಹಾಕಿಸಿ ಮಲಗಿಸಿದರು. ಹತ್ತು ನಿಮಿಷ, ಸಣ್ಣ ಬಿಸಿ, ಒಂದೆರಡು ಸಲ ಚುಚ್ಚಿದ ಹಾಗೆ, ಅಷ್ಟೇ. ಐವತ್ನಾಲ್ಕರಲ್ಲಿ ಹಾಗೆ ಮಲಗಿದ ನಾಚಿಕೆಗೇ ಅಳು ಬಂತು. ಕನ್ನಡಕ ಇದ್ದದ್ದು ಅನುಕೂಲವಾಯಿತು.

ಮಧ್ಯಾಹ್ನ ಬಸ್ಸಿಳಿದರೆ ಗಂಡ ಕೊಡೆ ಹಿಡಿದು ನಿಂತಿದ್ದರು, ನನ್ನ ಕಣ್ಣಿಗೆ ಬಿಸಿಲು ತಾಗಬಾರದೆಂದು. ಮೆಡಿಕಲ್ಲಿನಿಂದ ಈ ಬಾಟಲಿಯನ್ನೂ ತಂದಿದ್ದರು. ಎಷ್ಟೋ ದಿನದ ಮೇಲೆ ನನ್ನ ಕೈ ಹಿಡಿದು ರಸ್ತೆ ದಾಟಿಸಿದರು. ನಾನು ಕಣ್ಣು ಕಾಣದವಳ ಹಾಗೆ ದಾಟಿದೆ.

ಮೂರು ಸಲ ಹೋಗಿ ಬಂದ ಮೇಲೆ ಉರಿ ಬಹಳ ಇಳಿಯಿತು. ಹಾಸಿಗೆ ಮಾತ್ರ ಆ ಕೋಣೆಯಲ್ಲೇ ಉಳಿಯಿತು. ವಾಪಸು ತರುವುದಕ್ಕೆ ನೆಪ ಹೊಳೆಯಲಿಲ್ಲ. ಹೋದ ವಾರ ಬೈಂದೂರಿನಲ್ಲಿ ಗುಲಾಬಿಯಕ್ಕ ಸಿಕ್ಕರು.

"ನಂಗೆ ಎಂತದೂ ಗುಣ ಕಾಣ್ಲಿಲ್ಲೆ. ಆರೆ ಸೊಸಿ ಹತ್ರ ಹೇಳ್ದೆ. ಈಗ ಬುಟ್ಟಿ ಅವ್ಳೇ ಹೊತ್ಕಂಡ್ ಹೋತ್ಲ್."

ಗುಣವಾದವಳು ನಾನು, ಹಗುರಾದವರು ಅವರು. ಹೊಟ್ಟೆಕಿಚ್ಚಾಯಿತು.

ನಿನ್ನೆ ಬಾಟಲಿ ಹಿಡಿದುಕೊಂಡು ಜಗಲಿಯಲ್ಲಿ ಕೂತಿದ್ದ ಗಂಡನ ಹತ್ತಿರ ಹೋದೆ. "ಹ್ವಾಯ್, ಆ ಲೇಸರ್ ಕಣ್ಣಿಗೆ ಮಾಡ್ಸದ್ ಅಲ್ಲ" ಎಂದು ಶುರುಮಾಡಿ ಎಲ್ಲವನ್ನೂ ಹೇಳಿದೆ.

ಅವರು ಬಾಟಲಿಯನ್ನು ಕೈಗೆ ತೆಗೆದುಕೊಂಡರು. "ನಾ ಮುಟ್ಟಿರೆ ನಿಂಗ್ ಹೇಸ್ಗಿ ಆತ್ತ್ ಅಂದೇಳಿ ಅಂದ್ಕಂಡಿದ್ದೆ. ನಿನ್ ಹತ್ರ ಕೇಂಬುಕೆ ಹೆದ್ರಿಕಿ ಆಯ್ತ್" ಅಂದರು.

ಇವತ್ತು ಬೆಳಿಗ್ಗೆ ಕಾಫಿಗೆ ನೀರಿಟ್ಟಿದ್ದೆ. ಅವರು ನನ್ನ ಹಾಸಿಗೆಯನ್ನು ಎಳೆದು ತಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಇದನ್ ಎಲ್ ಹಾಕುದ್?"

ಒಲೆ ಸಣ್ಣ ಮಾಡಿ, ಇನ್ನೊಂದು ತುದಿ ಹಿಡಿದೆ.