ಎಂಬತ್ತೈದು ಮತ್ತು ಚಿಗವ್ವನ ಮೂಗು

ಬೆಳಿಗ್ಗೆ ಬೀರು ತೆಗೆದರೆ ನುಸಿಗುಳಿಗೆಯ ಘಾಟು ಮೂಗಿಗೆ ಬಡಿಯಿತು. ಹೆಂಡತಿಯ ಸೀರೆಗಳ ನಡುವೆ ನನ್ನ ಎಂಬತ್ತೈದು ಎಂಎಂ ಲೆನ್ಸ್ ಹಾಯಾಗಿ ಮಲಗಿತ್ತು. ಹೊರಗೆ ಗೆಳೆಯ ತಿಪ್ಪೇಶ ಕಾಫಿ ಕುಡಿಯುತ್ತ ಕೂತಿದ್ದ. ಅವನಿಗೆ ಹೊಸದಾಗಿ ಕ್ಯಾಮೆರಾ ಹುಚ್ಚು. "ಲೇ, ಮುಖದ ಫೋಟೋಕ್ಕೆ ಯಾವ ಲೆನ್ಸ್ ತಗಳ್ಳಿ?" ಎಂದು ಅವನು ಕೇಳಿದ್ದಕ್ಕೇ ನಾನು ಬೀರುವಿಗೆ ಕೈಹಾಕಿದ್ದು.

ನನಗೂ ಒಂದು ಕಾಲಕ್ಕೆ ಆ ಹುಚ್ಚಿತ್ತು, ನಗಬೇಡಿ. ಯೂಟ್ಯೂಬಿನ ಪಂಡಿತರೆಲ್ಲ ಒಕ್ಕೊರಲಿನಿಂದ ಹೇಳಿದ್ದರು: ಮುಖಕ್ಕೆ ಎಂಬತ್ತೈದೇ ಸೈ, ಮೂಗು ಮೂಗಿನಷ್ಟೇ ಇರುತ್ತದೆ, ಉಳಿದದ್ದೆಲ್ಲ ಬೆಣ್ಣೆಯಂತೆ ಕರಗುತ್ತದೆ. ಈ ಲೆನ್ಸಿನಲ್ಲಿ ಜೂಮ್ ಇಲ್ಲ, ತೆಗೆಯುವವನೇ ಹಿಂದೆ ಮುಂದೆ ಸರಿಯಬೇಕು. ಎಷ್ಟು ಹಿಂದೆ ಅಂತ ಮಾತ್ರ ಪುಣ್ಯಾತ್ಮರು ಯಾರೂ ಹೇಳಲಿಲ್ಲ.

ಅದನ್ನು ಚಳ್ಳಕೆರೆಯಿಂದ ಹೊತ್ತುಕೊಂಡು ಮೊಳಕಾಲ್ಮೂರಿಗೆ ಹೋದೆ, ಅವ್ವನ ತಂಗಿ ಚಿಗವ್ವನ ಮನೆಗೆ. ಅವಳ ಮಗ್ಗದ ಮೇಲಿನ ಸೀರೆ ಅವತ್ತಷ್ಟೇ ಮುಗಿದಿತ್ತು. ಮಧ್ಯಾಹ್ನ ಮಗ್ಗದಿಂದ ಕೊಯ್ದು ಸಾಹುಕಾರರಿಗೆ ಒಪ್ಪಿಸಬೇಕು.

"ಕೊಯ್ದಮ್ಯಾಲೆ ಯಾರ ಮೈಮ್ಯಾಲೋ ಏನೋ. ಅಷ್ಟರಾಗೆ ನನ್ ಜತಿಗೆ ಒಂದು ಫೋಟೋ ಹಿಡಿಯಪ್ಪ, ಸೆರಗಿನ ನವಿಲು ಕಾಣಂಗೆ" ಎಂದಳು. ನೇಯ್ದ ಸೀರೆಗಳೆಲ್ಲ ಹೀಗೇ ಹೋಗಿದ್ದವು, ಒಂದರ ಫೋಟೋವೂ ಅವಳ ಹತ್ತಿರ ಇರಲಿಲ್ಲ.

ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತವಳು ಕದಲುವಂತಿಲ್ಲ. ನಾನೇ ಹಿಂದೆ ಸರಿದೆ. ಗೋಡೆ ಅಡ್ಡ ಬಂತು. ಬಾಗಿಲಿನಿಂದ ಆಚೆ ಬಂದು, ಕಟ್ಟೆ ಇಳಿದು, ಬೀದಿ ದಾಟಿ, ಎದುರುಮನೆಯ ಕಟ್ಟೆ ಹತ್ತಿದೆ. ಆ ಮನೆಯಾಕೆ ಗಾಬರಿಯಾಗಿ ಹೊರಗೆ ಬಂದಳು.

"ಸಾರ್, ರೋಡ್ ಅಗಲ ಮಾಡ್ತೀರೇನ್ರಿ? ನಮ್ ಕಟ್ಟೆ ಹೋಗ್ತೈತಾ?"

ಒಳಗಿನಿಂದ ಚಿಗವ್ವ ಕೂಗಿದಳು: "ಏಮ್ರಾ, ಚಳ್ಳಕೆರೆಗೇ ವಾಪಸ್ ಹೊಂಟ್ಯಾ?"

ಅಂತೂ ಮೇಕೆ, ಸೈಕಲ್ಲು ಎಲ್ಲ ದಾಟಿಹೋಗುವವರೆಗೆ ಕಾದು ಒಂದು ಫೋಟೋ ತೆಗೆದೆ. ಮುಖ ಅಂದರೆ ಮುಖ! ವಾಪಸ್ ಒಳಗೆ ಹೋಗಿ ತೋರಿಸಿದೆ, ಚಿಗವ್ವ ಕ್ಯಾಮೆರಾದ ಹಿಂದೆ ಇಣುಕಿ ನೋಡಿದಳು. ಫೋಟೋದಲ್ಲಿ ನೇರಳೆ ಬಣ್ಣದ ಗಂಜಿ ಬಿಟ್ಟರೆ ಮಗ್ಗದ ಮೇಲೆ ಏನೂ ಇರಲಿಲ್ಲ. "ನವಿಲು ಎಲ್ಲಿಗೆ ಹಾರಿಹೋದ್ವಪ್ಪಾ?" ಎಂದು ಮುಖ ಸಣ್ಣದು ಮಾಡಿಕೊಂಡಳು.

ಚೀಲದ ತಳದಲ್ಲಿ, ಹತ್ತಿರದಿಂದಲೇ ಅಗಲಕ್ಕೆ ಹಿಡಿಯುವ ಹಳೆಯ ಮೂವತ್ತೈದರ ಲೆನ್ಸ್ ಇತ್ತು, ಪಂಡಿತರು ಮುಖಕ್ಕೆ ಬೇಡವೇ ಬೇಡ ಎಂದದ್ದು. ಅದನ್ನು ಹಾಕಿಕೊಂಡು ಮಗ್ಗಕ್ಕೆ ಅಂಟಿಕೊಂಡೇ ಕುಕ್ಕರುಗಾಲಲ್ಲಿ ಕೂತೆ. ನವಿಲುಗಳೆಲ್ಲ ಬಂದವು, ಕಣ್ಣಿನ ಸಮೇತ. ಆದರೆ ಮುಂದಕ್ಕೆ ಬಾಗಿದ್ದ ಚಿಗವ್ವನ ಮೂಗು ಬದನೆಕಾಯಿಯಷ್ಟಾಗಿತ್ತು. ಅಳಿಸಲು ಹೋದೆ. ಅವಳು ಕೈ ಹಿಡಿದಳು.

"ತಡಿಯಲೇ. ಇದು ನಮ್ಮಪ್ಪನ ಮೂಗು."

ತಾತ ಅವಳಿಗೆ ಮಗ್ಗ ಕಲಿಸಿದವನು. ಅವನದೊಂದು ಫೋಟೋವೂ ನಮ್ಮ ಮನೆಗಳಲ್ಲಿ ಇರಲಿಲ್ಲ. ಚಿಗವ್ವ ನಗುತ್ತಲೇ ಕಣ್ಣೊರೆಸಿಕೊಂಡಳು.

ಬೀರು ಮುಚ್ಚಿ ಬಂದೆ. "ಮೂವತ್ತೈದು ತಗಳಲೇ" ಎಂದೆ.

"ಮೂಗು ದೊಡ್ಡದಾಗಲ್ಲೇನೋ?" ಎಂದ ತಿಪ್ಪೇಶ.

"ಆಗ್ತೈತೆ. ನಿಮ್ಮ ತಾತನ ಫೋಟೋ ಐತೇನು ಮನ್ಯಾಗೆ?"