ಮುಚ್ಚಳದ ಒಳಗಿನ ನಲವತ್ತು

ಕಳೆದ ವಾರ ಗುಜರಿಯವನಿಗೆ ಕೊಡಲೆಂದು ಹಳೆಯ ಆಂಪ್ಲಿಫೈಯರಿನ ನಾಲ್ಕು ತಿರುಪು ಬಿಚ್ಚಿದೆ. ಮುಚ್ಚಳ ಎತ್ತಿದೊಡನೆ ಸುಟ್ಟ ಟ್ರಾನ್ಸ್‌ಫಾರ್ಮರಿನ ವಾಸನೆ. ಇಷ್ಟು ವರ್ಷವಾದರೂ ಹೋಗಿಲ್ಲ. ವಾಸನೆಯ ಹಿಂದೆಯೇ ರಿಪೇರಿ ಕಾಕಾ ನೆನಪಾದರು, ನನ್ನ ಮೇಲೇ ಸಿಟ್ಟು ಬಂತು.

1997ರಲ್ಲಿ ಕುಷ್ಟಗಿಯಲ್ಲಿ ನನ್ನದು ಮೈಕ್ ಸೆಟ್ ಬಾಡಿಗೆಯ ಅಂಗಡಿ. ಆಂಪ್ಲಿಫೈಯರ್ ಕಟ್ಟಿಕೊಟ್ಟವರು ಪಕ್ಕದ ರೇಡಿಯೊ ರಿಪೇರಿ ಅಂಗಡಿಯವರು, ಊರಿಗೆಲ್ಲ ಕಾಕಾ. ಜೋರಾಗಿ ಕೇಳಿಸಿದರೆ ಸಾಕು ಎನ್ನುವವರಲ್ಲ. ಕರೆಂಟ್ ಒಲೆಯ ಕಾಯಿಲ್ ತುಂಡನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ಕಂಬಕ್ಕೆ ಕಟ್ಟುವ ಹಾರ್ನ್ ಸ್ಪೀಕರಿನ ಬದಲು ಅದನ್ನೇ ಜೋಡಿಸಿ, ಮೀಟರ್ ಹಿಡಿದು ನಿಜವಾದ ವಾಟ್ ಎಷ್ಟೆಂದು ನೋಡುತ್ತಿದ್ದರು. ಅದನ್ನು ಚೀಟಿಯಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸುತ್ತಿದ್ದರು. ನನ್ನದಕ್ಕೆ ಬಂದದ್ದು ನಲವತ್ತು.

ಎದುರಿನ ಮೈಕ್ ಅಂಗಡಿಯವನು ತನ್ನ ಆಂಪ್ಲಿಫೈಯರ್ ಪೆಟ್ಟಿಗೆಯ ಮೇಲೆ ಇನ್ನೂರು ಎಂದು ಬರೆಸಿದ್ದ. ಅದೂ ನನ್ನದರಷ್ಟೇ ಕೂಗುತ್ತಿತ್ತು. ನಾನೇನು ಕಡಿಮೆ? ನನ್ನ ಪೆಟ್ಟಿಗೆಯ ಮೇಲೆ ಬಿಳಿ ಬಣ್ಣದಲ್ಲಿ ‘250 ವಾಟ್ಸ್’ ಎಂದು ದಪ್ಪಗೆ ಬರೆದೆ.

“ಬಣ್ಣಾ ಬಳದ್ರ ವಾಟ್ ಏರಂಗಿಲ್ಲ ತಮ್ಮಾ,” ಎಂದರು ಕಾಕಾ. “ಎರಡಕ್ಕಿಂತ ಜಾಸ್ತಿ ಹಾರ್ನ್ ಹಚ್ಚಬ್ಯಾಡ.”

“ಗಿರಾಕಿ ನಂಬರ್ ನೋಡಿ ಬರ್ತಾರ್ರಿ ಕಾಕಾ,” ಎಂದೆ.

ಸುಳ್ಳು ಹೇಳಿ ಹೇಳಿ ಕೊನೆಗೆ ನಾನೇ ಅದನ್ನು ನಂಬಿದೆ. ತಾವರಗೇರಾದಲ್ಲಿ ರೈತರ ಸಭೆ, ಎಂಟು ಹಾರ್ನ್ ಬೇಕೆಂದರು. ಇನ್ನೂರೈವತ್ತಕ್ಕೆ ಎಂಟು ಯಾವ ಲೆಕ್ಕ ಎಂದು ಜೋಡಿಸಿದೆ. ಮೊದಲ ಭಾಷಣ ಮುಗಿಯುವ ಮುಂಚೆಯೇ ಪೆಟ್ಟಿಗೆಯಿಂದ ಹೊಗೆ ಎದ್ದಿತು. ಸಭೆ ಚದುರಿತು. ಮರುದಿನ ಸಭೆ ಕರೆದ ಹಿರಿಯರು ಜನ ಕಟ್ಟಿಕೊಂಡು ನನ್ನ ಅಂಗಡಿಗೆ ಬಂದರು.

“ಯಾರ ಮಾಡಿದ್ದೋ ಇದನ್ನ?”

ನಾನು ಪಕ್ಕದ ಅಂಗಡಿಗೆ ಕೈ ತೋರಿಸಿದೆ. “ಕಾಕಾ ಮಾಡ್ಯಾರ್ರಿ. ಒಳಗ ಏನ ಹಾಕ್ಯಾರೋ, ನನಗೇನ ಗೊತ್ರಿ.”

ಹೇಡಿ ನಾನು. ಕಾಕಾ ಎದ್ದು ಬಂದು ಸುಟ್ಟ ಪೆಟ್ಟಿಗೆಯ ಮುಚ್ಚಳದ ಮೇಲೆ ಕೈಯಿಟ್ಟರು... ಬಿಚ್ಚಿ ಚೀಟಿ ತೋರಿಸಿದ್ದರೆ ನನ್ನ ಅಂಗಡಿ ಅಂದೇ ಮುಚ್ಚುತ್ತಿತ್ತು. ಅವರು ನನ್ನ ಮುಖ ನೋಡಿದರು, ಕೈ ತೆಗೆದರು.

“ನಂದ ತಪ್ಪಾತ್ರಿ,” ಎಂದರು.

ಆಮೇಲೆ ಅವರ ಅಂಗಡಿಗೆ ಒಂದು ರೇಡಿಯೊ ಕೂಡ ಬರಲಿಲ್ಲ. ಎದುರು ಅಂಗಡಿಯವನು ‘ಸುಡೋ ಕಾಕಾ’ ಎಂದು ಹೆಸರಿಟ್ಟು ನಕ್ಕ. ನಾನೂ ನಕ್ಕೆ... ಅದು ಎಲ್ಲಕ್ಕಿಂತ ಹೊಲಸು. ವರ್ಷ ತುಂಬುವುದರೊಳಗೆ ಅವರು ಬಾಗಿಲು ಹಾಕಿ, ಗಿಣಿಗೇರಾದಲ್ಲಿ ಕಾರ್ಖಾನೆಯೊಂದರ ಗೇಟ್ ಕಾಯಲು ಹೋದರು. ಅಂಥ ನುರಿತ ಕೈಗೆ ಬಡಿಗೆ ಹಿಡಿಸಿದವನು ನಾನು. ಅವರ ಮೇಲೂ ಸಿಟ್ಟಿದೆ. ಯಾಕೆ ಸುಮ್ಮನಾದಿರಿ ಕಾಕಾ? ನನ್ನಂಥವನನ್ನು ಉಳಿಸಿ ನಿಮಗೇನು ಸಿಕ್ಕಿತು? ಕೇಳೋಣವೆಂದರೆ ಅವರು ತೀರಿಕೊಂಡು ಬಹಳ ವರ್ಷವಾಯಿತು. ಮಣ್ಣು ಕೊಡಲೂ ನಾನು ಹೋಗಲಿಲ್ಲ.

ಚೀಟಿ ಅಲ್ಲೇ ಇತ್ತು. ಕಾಗದ ಹಳದಿಯಾಗಿತ್ತು, ಅಕ್ಷರ ಅಳಿಸಿರಲಿಲ್ಲ: ‘40 ವಾಟ್. ಎರಡೇ ಹಾರ್ನ್.’

ಗುಜರಿಯವನನ್ನು ಬರಿಗೈಯಲ್ಲಿ ಕಳಿಸಿದೆ. ಚಾಕುವಿನಿಂದ 250 ಕೆರೆದು ತೆಗೆದು, ಅದೇ ಜಾಗದಲ್ಲಿ 40 ಎಂದು ಬರೆದೆ. ಪೆಟ್ಟಿಗೆಯನ್ನು ಅಂಗಡಿಯ ಮುಂದೆ ಎಲ್ಲರಿಗೂ ಕಾಣುವಂತೆ ಇಟ್ಟಿದ್ದೇನೆ. ಯಾರಾದರೂ ಇದೇನು ಎಂದರೆ, ಕಾಕಾನ ತಪ್ಪಲ್ಲ, ನನ್ನದು ಎಂದು ಹೇಳಲು ಕಾದಿದ್ದೇನೆ. ವಾರವಾಯಿತು. ಯಾರೂ ಕೇಳಿಲ್ಲ.